ಜನೀಲ್ ಮದುವೆಗೆ ಮೂರು ಸಾಕ್ಷಿ

ಪ್ರೊವೊ, ಯೂಟಾ
೧೫ ಜನವರಿ ೧೯೮೪, ಭಾನುವಾರ

ಪ್ರೀತಿಯ ಕೋರಲಿ,

ಈ ಕಾಗದ ನಿನ್ನ ಕೈಗೆ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ನಿನ್ನ ಫಿನ್ಲೆಂಡಿನ ಬೀದಿಯ ಹೆಸರಿನಲ್ಲಿ ಎಷ್ಟು ಅಕ್ಷರ ಕಣೇ! ಎಲ್ಲಾದರೂ ಒಂದು ಬಿಟ್ಟುಹೋದರೆ ಎಂದು ಬೆರಳಿಟ್ಟು ಮೂರು ಸಲ ಎಣಿಸಿ ಬರೆದಿದ್ದೇನೆ. ಧರ್ಮ ಸಾರುವ ಮಿಷನ್ ಸೇವೆಗೆ ಹೋದವರಿಗೆ ಮನಸ್ಸು ಕದಡುವಂಥದ್ದು ಬರೆಯಬಾರದು ಎಂದು ನಿನ್ನ ಅಮ್ಮ ಹೇಳಿಕಳಿಸಿದ್ದಾರೆ. ಹಾಗಾಗಿ ಒಳ್ಳೆಯದನ್ನೇ ಬರೆಯಬೇಕು ಎಂದು ಕೂತಿದ್ದೇನೆ, ಏನೂ ಹೊಳೆಯುತ್ತಿಲ್ಲ.

ಅಂಗರಚನಾ ಶಾಸ್ತ್ರದ ತರಗತಿ ಶುರುವಾಯಿತು. ಇನ್ನೂರ ಆರು ಮೂಳೆ. ಕೊನೆಯ ಪರೀಕ್ಷೆಯಲ್ಲಿ ಎಂಬತ್ತು ಅಂಕ ಬರದಿದ್ದರೆ ನರ್ಸಿಂಗ್ ವಿಭಾಗದ ಬಾಗಿಲು ಮುಚ್ಚಿದ ಹಾಗೆಯೇ. ನನ್ನ ಪಕ್ಕ ಕೂರುವವರಿಗೆಲ್ಲ ಹದಿನೆಂಟು, ನನಗೆ ಇಪ್ಪತ್ತೆರಡು. ನಾನು ಹತ್ತನೇ ತರಗತಿಯಲ್ಲಿದ್ದಾಗ ಅಮ್ಮ ಅವಳಿ ಮಕ್ಕಳನ್ನು ಹೆತ್ತು ಹಾಸಿಗೆ ಹಿಡಿದಳು, ನಾನು ಪುಸ್ತಕ ಕೆಳಗಿಟ್ಟು ಸೌಟು ಹಿಡಿದೆ. ಆಮೇಲೆ ನೀನು ಪ್ರತಿ ಬೇಸಿಗೆ ನಮ್ಮ ಅಡುಗೆಮನೆಯಲ್ಲಿ ಕೂರಿಸಿ ಭಿನ್ನರಾಶಿ ಹೇಳಿಕೊಡದೇ ಇದ್ದಿದ್ದರೆ ಇವತ್ತಿಗೂ ಐಡಹೋದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ನೀನು ಕಲಿಸಿದ್ದೆಲ್ಲ ನೀರುಪಾಲಾಗುತ್ತದೇನೋ ಎಂಬ ಭಯ. ಸೂಕ್ಷ್ಮದರ್ಶಕವನ್ನು ಯಾವ ಕಣ್ಣಿನಿಂದ ನೋಡಬೇಕು ಎಂದು ಕೇಳಲಾರದೆ ಎರಡೂ ಕಣ್ಣು ಮುಚ್ಚಿ ನೋಡಿದವಳು ನಾನು.

ಬೆಳಿಗ್ಗೆ ನಾಲ್ಕರಿಂದ ಎಂಟರವರೆಗೆ ವಿಜ್ಞಾನ ಕಟ್ಟಡ ಗುಡಿಸಿ ಒರೆಸುವ ಕೆಲಸ ಸಿಕ್ಕಿದೆ. ಮೇಲ್ವಿಚಾರಕಿ, ಚರ್ಚಿನಲ್ಲಿ ಹೇಗೋ ಕೆಲಸದಲ್ಲೂ ಹಾಗೇ ಸಿಸ್ಟರ್ ಗ್ಲೀವ್, ಎಪ್ಪತ್ತರ ಮುದುಕಿ, ನಾಲಿಗೆ ಮಾತ್ರ ಇಪ್ಪತ್ತರದು. ಮೂಳೆಗಳ ಕೋಣೆ ನನ್ನ ಪಾಲಿಗೆ. ಒಂದೊಂದು ಮೂಳೆಯ ಧೂಳು ಒರೆಸುತ್ತ ಅದರ ಹೆಸರು ಹೇಳಿಕೊಳ್ಳುತ್ತೇನೆ.

ಇನ್ನೊಂದು ತಮಾಷೆ. ಸೋಮವಾರದ ಕುಟುಂಬ ಸಂಜೆಗೆ ಬಿಷಪ್ಪರು ಮನೆ ಬಿಟ್ಟು ಬಂದ ವಿದ್ಯಾರ್ಥಿಗಳನ್ನೆಲ್ಲ ಮನೆಯವರ ಹಾಗೆ ಗುಂಪು ಮಾಡಿ, ನಮ್ಮ ಗುಂಪಿಗೆ ನನ್ನನ್ನೇ 'ಅಮ್ಮ' ಮಾಡಿದ್ದಾರೆ! ಹನ್ನೊಂದು ಮಕ್ಕಳು, ಎಲ್ಲರೂ ನನಗಿಂತ ಎತ್ತರ. 'ಅಪ್ಪ' ಆಗಿರುವವನು ಥೇನ್ ಎಂಬವನು, ಗ್ವಾಟೆಮಾಲಾದಲ್ಲಿ ಎರಡು ವರ್ಷ ಮಿಷನ್ ಮುಗಿಸಿ ಬಂದವನು. ನಾನು ಮಾಡಿದ ಹಸಿರು ಜೆಲ್ಲಿ ಗಟ್ಟಿಯಾಗದೆ ಕ್ಯಾರೆಟ್ ತುರಿಯೆಲ್ಲ ತೇಲುತ್ತಿದ್ದಾಗ, "ಮಕ್ಳೇ, ಅಮ್ಮ ಇವತ್ತು ಸೂಪ್ ಮಾಡಿದ್ದಾಳೆ" ಎಂದು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದುಬಿಟ್ಟ. ಸುಮ್ಮನೆ ಹೇಳಿದೆ ಅಷ್ಟೇ.

ನಿನ್ನ
ಜನೀಲ್


ಟಾಂಪೆರೆ, ಫಿನ್ಲೆಂಡ್
೩೦ ಜನವರಿ ೧೯೮೪

ಜನೀಲ್ ಪುಟ್ಟಿ,

ಅಕ್ಷರ ಒಂದೂ ಬಿಟ್ಟಿಲ್ಲ, ಒಂದು ಹೆಚ್ಚೇ ಇತ್ತು. ಅಂಚೆಯವರು ಕ್ಷಮಿಸಿದ್ದಾರೆ.

ಇಲ್ಲಿ ಎಲ್ಲ ಅದ್ಭುತ! ಹೊರಗೆ ಮೂಗಿನ ಕೂದಲು ಹೆಪ್ಪುಗಟ್ಟುವ ಚಳಿ, ಒಳಗೆ ಜನ ಬೆಚ್ಚಗೆ. ಹೋದ ವಾರ ನಾನೂ ನನ್ನ ಜೊತೆಗಾತಿ ಸಿಸ್ಟರ್ ಹಾಸ್‌ಳೂ ನಲವತ್ತು ಮನೆಯ ಬಾಗಿಲು ತಟ್ಟಿದೆವು. ಜನರಿಗೆ ಏನು ಹಸಿವು ಅಂತೀಯ, ಆತ್ಮದ ಹಸಿವು! ಬೇಸಿಗೆಯೊಳಗೆ ಐದಾರು ಜನರ ದೀಕ್ಷಾಸ್ನಾನ ಆಗುತ್ತದೆ ನೋಡು. ನಂಬಿಕೆ ಇದ್ದರೆ ಆಯಿತು, ಬಾಗಿಲು ತಾನಾಗಿ ತೆರೆಯುತ್ತದೆ. ನಿನ್ನ ಮೂಳೆಗಳಿಗೂ ಅದೇ ಮಾತು.

ಅಕ್ಷರ ಸೊಟ್ಟಗಿದ್ದರೆ ಮನ್ನಿಸು. ಮೇಜಿಲ್ಲ, ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ.

ಜೆಲ್ಲಿ ಕುಡಿದವನ ಬಗ್ಗೆ 'ಸುಮ್ಮನೆ' ಎಂದು ಬರೆದಿದ್ದೀಯ. ನೀನು ಸುಮ್ಮನೆ ಏನನ್ನೂ ಹೇಳಿದ್ದು ನನಗೆ ನೆನಪಿಲ್ಲ. ಮುಂದಿನ ಕಾಗದದಲ್ಲಿ ಪೂರ್ತಿ ಬರಲಿ.

ಕೋರಲಿ


ಪ್ರೊವೊ
೬ ಫೆಬ್ರವರಿ ೧೯೮೪, ಸೋಮವಾರ

ಪ್ರೀತಿಯ ಕೋರಲಿ,

ನಿನ್ನೆ ಉಪವಾಸದ ಭಾನುವಾರ. ಎರಡು ಊಟ ಬಿಟ್ಟು, ನಂಬಿಕೆಗೆ ಸಾಕ್ಷಿ ಹೇಳುವ ಸಭೆ ಮುಗಿಸಿ ಹೊರಗೆ ಬಂದರೆ ಮೆಟ್ಟಿಲ ಹತ್ತಿರ ಥೇನ್ ನಿಂತಿದ್ದ. ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ.

"ಜನೀಲ್, ನಾನು ಉಪವಾಸ ಮಾಡಿ ಪ್ರಾರ್ಥನೆ ಮಾಡ್ದೆ. ಉತ್ತರ ಬಂತು" ಎಂದ.

"ಯಾವುದಕ್ಕೆ?" ಎಂದೆ. ಪೆದ್ದಿ ಹಾಗೆ.

"ನೀನೇ ನನ್ನ ಹೆಂಡ್ತಿ ಆಗ್ಬೇಕು ಅಂತ."

ಕೋರಲಿ, ಎದೆಯೊಳಗೆ ಉರಿ ಹೊತ್ತಿಕೊಂಡಿತು. ಭಾನುವಾರದ ಶಾಲೆಯಲ್ಲಿ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರಲ್ಲ, ಸರಿಯಾದದ್ದನ್ನು ಕೇಳಿದರೆ ಪವಿತ್ರಾತ್ಮ ಎದೆಯೊಳಗೆ ಉರಿಯಾಗಿ ಉತ್ತರ ಕೊಡುತ್ತದೆ ಎಂದು. ಹಾಗೇ ಉರಿಯಿತು! ರಾತ್ರಿಯೂ ಉರಿಯಿತು, ಈಗಲೂ ಉರಿಯುತ್ತಿದೆ. ನಾಳೆ ಮೊದಲ ಮೂಳೆ ಪರೀಕ್ಷೆ ಬೇರೆ, ಒಂದು ಪುಟವೂ ತಲೆಗೆ ಹತ್ತುತ್ತಿಲ್ಲ.

ಅವನು ಒಳ್ಳೆಯವನು. ನನಗೆ ಇಷ್ಟ. ಇಷ್ಟ ಎಂದು ಬರೆದದ್ದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ನೋಡು. ಆದರೆ ಜೂನ್‌ನಲ್ಲಿ ಮ್ಯಾಂಟೈ ಊರಿನ ನಮ್ಮ ಚರ್ಚಿನ ದೇವಾಲಯದಲ್ಲಿ ಮದುವೆ, ಆಮೇಲೆ ಅರಿಜೋನಾಗೆ ಹೋಗುವುದು ಎನ್ನುತ್ತಾನೆ. ಅಲ್ಲಿ ಅವನ ಸೋದರಮಾವನ ಪೀಠೋಪಕರಣದ ಅಂಗಡಿ ಇದೆ. ಹಾಗಾದರೆ ನರ್ಸಿಂಗ್? ಕೇಳುವ ಧೈರ್ಯ ಆಗಲಿಲ್ಲ. ಅವನಿಗೆ ದೇವರೇ ಹೇಳಿದ ಮೇಲೆ ನಾನು ಅಂಕದ ಮಾತು ಎತ್ತುವುದು ಹೇಗೆ?

ನೀನು ಧರ್ಮದ ಕೆಲಸದಲ್ಲಿರುವವಳು, ನಿನ್ನ ಪ್ರಾರ್ಥನೆಗೆ ತೂಕ ಹೆಚ್ಚು. ನನಗಾಗಿ ಕೇಳಿ ಹೇಳುತ್ತೀಯಾ? ನಿನ್ನ ಉತ್ತರ ಬರುವವರೆಗೆ ಅವನಿಗೆ ಏನೂ ಹೇಳುವುದಿಲ್ಲ.

ಜನೀಲ್


ಟಾಂಪೆರೆ
೨೦ ಫೆಬ್ರವರಿ ೧೯೮೪

ಜನೀಲ್,

ಇವತ್ತು ಚಿಕ್ಕ ಕಾಗದ. ಸಿಸ್ಟರ್ ಹಾಸ್ ಅಂಚೆಗೆ ಹೊರಟು ಬೂಟು ಹಾಕಿಕೊಂಡು ನಿಂತಿದ್ದಾಳೆ.

ಪ್ರಾರ್ಥಿಸಿದೆ. ಬೆಚ್ಚಗೆ ಅನಿಸಿತು. ಹೂಂ ಅನ್ನು. ಹೆದರುವುದನ್ನು ಬಿಡು, ನೀನು ಹೆದರದೇ ಇರುವ ವಿಷಯ ಈ ಭೂಮಿಯ ಮೇಲೆ ಯಾವುದಿದೆ?

ನಿನ್ನ ಮದುವೆಗೆ ಇಲ್ಲಿನವರು ಹೆಣೆದ ಮೇಜುಬಟ್ಟೆ ಕಳಿಸುತ್ತೇನೆ.

ಕೋರಲಿ


ಪ್ರೊವೊ
೫ ಮಾರ್ಚ್ ೧೯೮೪

ಪ್ರೀತಿಯ ಕೋರಲಿ,

ಹೂಂ ಅಂದೆ.

ನಿನ್ನ ಕಾಗದ ಬಂದ ದಿನವೇ ಅಂದೆ. ಅವನಿಗೊಂದು ಉತ್ತರ, ನಿನಗೊಂದು ಉತ್ತರ, ನನ್ನ ಎದೆಯ ಉರಿ ಒಂದು, ಒಟ್ಟು ಮೂರು. ಇಬ್ಬರು ಮೂವರ ಸಾಕ್ಷಿಯಿಂದ ಮಾತು ನಿಲ್ಲುತ್ತದೆ ಎಂದು ಗ್ರಂಥದಲ್ಲೇ ಇದೆ. ಇನ್ನು ನಾನು ಯಾರು ಇಲ್ಲ ಎನ್ನಲು? ಉಂಗುರ ಅವನ ಅಜ್ಜಿಯದು. ಸ್ವಲ್ಪ ಸಡಿಲ. ನೆಲ ಒರೆಸುವಾಗ ಬಕೆಟ್ಟಿನೊಳಗೆ ಜಾರಿ ಬೀಳುತ್ತದೇನೋ ಎಂದು ದಾರ ಸುತ್ತಿಕೊಂಡಿದ್ದೇನೆ.

ಮೊದಲ ಪರೀಕ್ಷೆಯಲ್ಲಿ ಅರವತ್ತೊಂದು ಬಂತು. ಥೇನ್ ಸಮಾಧಾನ ಮಾಡಿದ. "ಬಿಡು ಜನೀಲ್, ಓದು ಎಲ್ಲೂ ಓಡಿಹೋಗಲ್ಲ. ಮಕ್ಕಳು ಸ್ಕೂಲಿಗೆ ಹೋಗೋ ಹೊತ್ತಿಗೆ ನೀನೂ ಹೋಗುವಿಯಂತೆ" ಎಂದ. ಎಷ್ಟು ಮೃದುವಾಗಿ ಹೇಳಿದ ಗೊತ್ತಾ. ಹೌದು ಎಂದು ತಲೆಯಾಡಿಸಿದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಸಂತೋಷಕ್ಕೇ ಇರಬೇಕು.

ನರ್ಸಿಂಗ್ ಅರ್ಜಿಗೆ ಏಪ್ರಿಲ್ ಆರು ಕೊನೆಯ ದಿನ. ಅರ್ಜಿ ಹಾಸಿಗೆಯ ಕೆಳಗಿದೆ. ಎಸೆಯಬೇಕು. ನಾಳೆ ಎಸೆಯುತ್ತೇನೆ. ಅಮ್ಮನಿಗೆ ಮದುವೆಯ ವಿಷಯ ಬರೆದೆ. "ಅವನ ಹಲ್ಲು ಚೆನ್ನಾಗಿದೆಯಾ?" ಎಂದು ಮಾತ್ರ ಕೇಳಿದ್ದಾಳೆ.

ನಿನ್ನಷ್ಟು ಗಟ್ಟಿ ನಂಬಿಕೆ ನನಗೆ ಯಾವಾಗ ಬರುತ್ತದೋ!

ಜನೀಲ್


ಟಾಂಪೆರೆ
೧೯ ಮಾರ್ಚ್ ೧೯೮೪

ಜನೀಲ್,

ಮೊದಲು ಇದನ್ನು ಓದು, ಆಮೇಲೆ ಮಿಕ್ಕದ್ದು. ನಾನು ಪ್ರಾರ್ಥಿಸಲಿಲ್ಲ. ಬೆಚ್ಚಗೆ ಅನಿಸಿದ್ದು ಜ್ವರ.

ಜನವರಿಯಿಂದ ನನಗೆ ನ್ಯುಮೋನಿಯಾ. ಆ 'ಅದ್ಭುತ' ಕಾಗದವನ್ನೂ ಹಾಸಿಗೆಯಲ್ಲೇ ಬರೆದದ್ದು. ಮಲಗುವ ಮುಂಚೆ ನಲವತ್ತು ಬಾಗಿಲು ತಟ್ಟಿದ್ದು ನಿಜ. ತೆರೆದದ್ದು ಒಂಬತ್ತು. ಒಳಗೆ ಕರೆದವರು ಇಬ್ಬರು. ಇಲ್ಲಿ ಮನೆಗೆ ಬಂದವರಿಗೆ ಕಾಫಿ, ಜೊತೆಗೆ ಏಲಕ್ಕಿ ಹಾಕಿದ ಬನ್ನು ಕೊಡುತ್ತಾರೆ. ನಮ್ಮ ಚರ್ಚಿನವರಿಗೆ ಕಾಫಿ ನಿಷಿದ್ಧ. "ಬೇಡ" ಎಂದ ಕೂಡಲೇ ಅವರ ಮುಖ ಸಣ್ಣದಾಗುತ್ತದೆ. ದೇವರ ಮಾತಿಗೆ ಮೊದಲೇ ನಾವು ಅವರ ಒಲೆಗೆ ಅವಮಾನ ಮಾಡಿ ಮುಗಿಸಿರುತ್ತೇವೆ. ಒಂಬತ್ತು ತಿಂಗಳಲ್ಲಿ ಒಂದೂ ದೀಕ್ಷಾಸ್ನಾನ ಇಲ್ಲ, ಜನೀಲ್. ಒಂದೂ.

ನಿನ್ನ ಕಾಗದ ಬಂದಾಗ, ಅದರಲ್ಲಿ ನೀನು ಅರಿಜೋನಾ ಎಂದು ಬರೆದ ಕಡೆ ಅಕ್ಷರ ಹೇಗೆ ನಡುಗಿತ್ತು ಎಂದು ಕಂಡಿತ್ತು ನನಗೆ. ಕಂಡೂ ಹೂಂ ಅನ್ನು ಎಂದೆ. ಒಂಬತ್ತು ತಿಂಗಳು ಇಲ್ಲ ಇಲ್ಲ ಇಲ್ಲ ಎಂದೇ ಕೇಳಿದ್ದೆ ಕಣೇ. ಒಂದೇ ಒಂದು ಸಲ, ನನ್ನ ಮಾತು ಕೇಳಿ ಯಾರಾದರೂ ಹೂಂ ಅನ್ನಬೇಕಿತ್ತು. ಅದಕ್ಕೆ ನೀನು ಸಿಕ್ಕೆ.

ಥೇನ್ ಬೇಡ ಎಂದು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ ಎಂದು ಹೇಳುತ್ತಿದ್ದೇನೆ. ನನ್ನ ಸಾಕ್ಷಿಯನ್ನು ಲೆಕ್ಕದಿಂದ ತೆಗೆದುಹಾಕು. ಅರ್ಜಿ ಎಸೆದಿದ್ದರೆ ಇನ್ನೊಂದು ತಗೋ.

ಮನೆಗೆ ವಾಪಸಾಗುವ ಯೋಚನೆಯಲ್ಲಿದ್ದೇನೆ. ಅಮ್ಮನಿಗೆ ಹೇಳಬೇಡ. ಮಿಷನ್ ಅರ್ಧಕ್ಕೆ ಬಿಟ್ಟು ಬಂದವಳು ಎಂದರೆ ನಮ್ಮ ಊರಲ್ಲಿ ಹೇಗೆ ನೋಡುತ್ತಾರೆ ಎಂದು ನಿನಗೆ ಗೊತ್ತು.

ಕೋರಲಿ


ಪ್ರೊವೊ
೯ ಏಪ್ರಿಲ್ ೧೯೮೪

ಕೋರಲಿ,

ನಿನ್ನ ಕಾಗದ ಬಂದದ್ದು ಮಾರ್ಚ್ ಮೂವತ್ತೊಂದಕ್ಕೆ. ಓದಿ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಒಂದು ಇಡೀ ದಿನ ಬೇರೆ ಯಾವುದಕ್ಕೂ ಹೆದರಲು ಪುರಸೊತ್ತೇ ಆಗಲಿಲ್ಲ. ಆಮೇಲೆ ಕೂತು ಎಣಿಸಿದೆ. ಮೂರರಲ್ಲಿ ಒಂದು ಹೋಯಿತು, ಇನ್ನೂ ಎರಡಿವೆ, ಸಾಕು ಎಂದುಕೊಂಡೆ.

ಮಂಗಳವಾರ ಮೂರನೇ ಮೂಳೆ ಪರೀಕ್ಷೆ, ಕೊನೆಯದು. ಬೆಳಿಗ್ಗೆ ಐದಕ್ಕೆ ನೆಲ ಒರೆಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತುಬಿಟ್ಟೆ.

"ಏನಮ್ಮಾ, ಮುಖ ಹಿಂಡಿದ ನೆಲದ ಬಟ್ಟೆ ಥರ ಆಗಿದೆ?" ಎಂದರು ಸಿಸ್ಟರ್ ಗ್ಲೀವ್.

"ಎದೆ ಉರೀತಿದೆ."

"ಪರೀಕ್ಷೆ ಇದ್ಯಾ?"

"ಹತ್ತು ಗಂಟೆಗೆ."

"ಹೋದ ತಿಂಗ್ಳೂ ಹಿಂಗೇ ಕೂತಿದ್ದೆ. ಅವತ್ತೂ ಪರೀಕ್ಷೆ. ಅದಕ್ಕೂ ಮುಂಚೆ ಫೆಬ್ರವರೀಲಿ ಕೂತಿದ್ದೆ."

"ಫೆಬ್ರವರೀದು ಬೇರೆ ಸಿಸ್ಟರ್ ಗ್ಲೀವ್. ಅದು ಥೇನ್ ಮದ್ವೆ ವಿಷ್ಯ ಹೇಳಿದ್ದಕ್ಕೆ. ಅದು ಪವಿತ್ರಾತ್ಮದ ಉತ್ತರ."

"ಅವತ್ತು ಪರೀಕ್ಷೆ ಇರ್ಲಿಲ್ವಾ?"

ಇತ್ತು. ಕೋರಲಿ, ಇತ್ತು! ನಾನೇ ನಿನಗೆ ಬರೆದಿದ್ದೆ.

ಮುದುಕಿ ನೆಲ ಒರೆಸುವ ಕೋಲಿಗೆ ಗಲ್ಲ ಊರಿ ನನ್ನನ್ನೇ ನೋಡಿದರು. "ಮಗಾ, ಪವಿತ್ರಾತ್ಮ ಬಂದ್ರೆ ನೆಮ್ಮದಿ ಬರುತ್ತೆ, ಅಜೀರ್ಣ ಬರಲ್ಲ. ನಿಂಗೆ ಮದ್ವೆ ಆಗು ಅಂದಿದ್ದು ದೇವರಲ್ಲ, ತೊಡೆಮೂಳೆ" ಎಂದು ಹೇಳಿ, "ಏಳು, ಆ ಮೂಲೆ ಇನ್ನೂ ಒದ್ದೆಯಿದೆ" ಎಂದರು.

ನಕ್ಕೆ. ನೆಲದ ಮೇಲೆ ಕೂತು, ಬಕೆಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಇಷ್ಟು ವರ್ಷ ನನ್ನ ಹೆದರಿಕೆಯನ್ನೇ ದೇವರ ದನಿ ಎಂದುಕೊಂಡು ಬದುಕಿದೆನಲ್ಲ! ಹೆದರಿಕೆ ಇದ್ದರೆ ಇರಲಿ, ಅದು ನನ್ನದು, ಅದರ ಮಾತಿಗೆಲ್ಲ ನಾನು ಆಮೆನ್ ಅನ್ನಬೇಕಾಗಿಲ್ಲ. ಆ ಪರೀಕ್ಷೆಯಲ್ಲಿ ಎಂಬತ್ತೆಂಟು.

ಅವತ್ತೇ ಥೇನ್ ಹತ್ತಿರ ಹೋದೆ. ಉಂಗುರ ತೆಗೆಯಲು ಹೋದರೆ ದಾರದ ಗಂಟು ಬಿಚ್ಚುತ್ತಿಲ್ಲ, ಹಲ್ಲಿನಿಂದ ಕಚ್ಚಿ ತೆಗೆದೆ. ಅವನು ನೋಡುತ್ತ ನಿಂತಿದ್ದ ಪಾಪ.

"ಹಂಗಾದ್ರೆ ನಂಗೆ ಬಂದ ಉತ್ತರ ಸುಳ್ಳಾ?" ಎಂದ.

"ನಿಂಗೆ ಬಂದಿರ್ಬೋದು ಥೇನ್. ನಂಗೆ ಬಂದಿಲ್ಲ. ಇಬ್ರ ಮದುವೆಗೆ ಒಬ್ರಿಗೆ ಉತ್ತರ ಬಂದ್ರೆ ಸಾಕಾ?"

"ಓದು ಎಲ್ಲೂ ಓಡಿಹೋಗಲ್ಲ ಅಂತ ಹೇಳಿದ್ನಲ್ಲ."

"ಒಂದ್ಸಲ ಓಡಿಹೋಗಿತ್ತು. ಹಿಡಿಯೋಕೆ ಆರು ವರ್ಷ ಬೇಕಾಯ್ತು."

ಅವನು ಉಂಗುರ ಜೇಬಿಗಿಟ್ಟುಕೊಂಡು ಹೋದ. ನಿನ್ನೆ ಮೊನ್ನೆ ಕಂಡರೂ ಮುಖ ತಿರುಗಿಸಿದ. ಇವತ್ತಿನ ಕುಟುಂಬ ಸಂಜೆಯಲ್ಲಿ ನಾವಿಬ್ಬರೂ ಕೋಣೆಯ ಎರಡು ಮೂಲೆ ಹಿಡಿದದ್ದು ಕಂಡು ನಮ್ಮ ಹನ್ನೊಂದು ಮಕ್ಕಳಲ್ಲಿ ಒಬ್ಬ, ಆರಡಿ ಎತ್ತರದವನು, "ಅಪ್ಪ ಅಮ್ಮ ಜಗಳ ಆಡಿದ್ರೆ ನಾವು ಯಾರ ಹತ್ರ ಇರ್ಬೇಕು?" ಎಂದು ಕೇಳಿದ. ಎಲ್ಲರೂ ನಕ್ಕರು, ಥೇನ್ ನಗಲಿಲ್ಲ. ನನಗೆ ಅಳು ಬಂತು. ನಿಜ ಹೇಳಬೇಕೆಂದರೆ ಅವನ ಜೊತೆಗಿನ ಆ ಹಾಳು ಜೆಲ್ಲಿಯೂ ನೆನಪಾಗುತ್ತಿದೆ. ಆದರೆ ಅರ್ಜಿ ಕೊಟ್ಟಾಗಿದೆ. ಎಸೆದಿರಲಿಲ್ಲ. ಕೊನೆಯ ದಿನ, ಕಚೇರಿ ಮುಚ್ಚಲು ಹತ್ತು ನಿಮಿಷ ಇರುವಾಗ.

ಇನ್ನು ನಿನ್ನ ವಿಷಯ. ಗಮನ ಇಟ್ಟು ಓದು. ಕಾಯಿಲೆ ಇದ್ದರೆ ಬಾ. ವೈದ್ಯರು ಹೇಳಿದರೆ ನಾಳೆಯೇ ಹೊರಡು. ಊರಿನವರ ಬಾಯಿಗೆ ನಾನು ಅಡ್ಡ ನಿಲ್ಲುತ್ತೇನೆ, ಅರ್ಧಕ್ಕೆ ಬಿಟ್ಟವಳು ಎನ್ನಿಸಿಕೊಂಡು ಬದುಕುವುದು ಹೇಗೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿಲ್ಲ. ಆದರೆ ಯಾರೂ ಹೂಂ ಅನ್ನಲಿಲ್ಲ ಎಂಬ ಕಾರಣಕ್ಕೆ ಬರುವುದಾದರೆ ಬರಬೇಡ. ನಾನು ಹೂಂ ಅಂದಿದ್ದೆ ಕಣೇ. ಭಿನ್ನರಾಶಿಗೆ. ಹಿಟ್ಟು ಮೆತ್ತಿದ ಮೇಜಿನ ಮೇಲೆ ನೀನು ಗೀಟು ಎಳೆದಾಗ ಹತ್ತೊಂಬತ್ತು ವರ್ಷದ ಕತ್ತೆಯೊಂದು ಹೂಂ ಅಂದಿತ್ತು. ಅದನ್ನು ಯಾಕೆ ಲೆಕ್ಕಕ್ಕೆ ಹಿಡಿಯಲಿಲ್ಲ? ಮತ್ತೆ ಆ ಕಾಫಿ. ಬೇಡ ಎಂದು ಸುಮ್ಮನೆ ಕೂರುವ ಬದಲು ಬೇರೆ ಏನಾದರೂ ಕೊಡಿ ಎಂದು ನೀವೇ ಕೇಳಿದರೆ ಆಗದೇ? ನಮ್ಮಮ್ಮನೂ ಬಂದವರಿಗೆ ಕೊಡುವವಳೇ. ಕೇಳಿ ಪಡೆದವರನ್ನು ಅವಳು ಮರೆಯುವುದಿಲ್ಲ.

ಜನೀಲ್


ಟಾಂಪೆರೆ
೧೬ ಏಪ್ರಿಲ್ ೧೯೮೪

ಜನೀಲ್,

ನಾಲ್ಕು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಸಿಟ್ಟೇ? ಆಗಿರಲೇಬೇಕು. ಅಥವಾ ನನ್ನ ಕಾಗದ ಸೇರಲೇ ಇಲ್ಲವೋ, ನೀನು ಆಗಲೇ ದೇವಾಲಯಕ್ಕೆ ದಿನ ಗೊತ್ತು ಮಾಡಿಬಿಟ್ಟೆಯೋ? ಅಂಚೆಪೆಟ್ಟಿಗೆಗೆ ದಿನಕ್ಕೆ ಮೂರು ಸಲ ಇಳಿದು ಹತ್ತುತ್ತೇನೆ. ಸಿಸ್ಟರ್ ಹಾಸ್ ನಗುತ್ತಾಳೆ. ನೀನು ಹೇಗೆ ಬದುಕಿದ್ದೀ ಇಷ್ಟು ವರ್ಷ, ಹೀಗೆ ಚಿಂತೆ ಮಾಡಿಕೊಂಡು?

ವೈದ್ಯರು ಎದೆ ಸರಿಯಾಗಿದೆ ಎಂದಿದ್ದಾರೆ. ಮನೆಗೆ ಕಳಿಸಿ ಎಂದು ಮಿಷನ್ ಅಧ್ಯಕ್ಷರಿಗೆ ಪತ್ರ ಬರೆದಿಟ್ಟಿದ್ದೇನೆ. ಮುಂದಿನ ಸೋಮವಾರದವರೆಗೆ ಇಟ್ಟುಕೊಳ್ಳುತ್ತೇನೆ, ಆಮೇಲೆ ಹಾಕುತ್ತೇನೆ.

ಕೋರಲಿ


ಟಾಂಪೆರೆ
೨೩ ಏಪ್ರಿಲ್ ೧೯೮೪, ಸೋಮವಾರ

ಜನೀಲ್,

ಶನಿವಾರ ನಿನ್ನ ಕಾಗದ ಬಂತು. ತೊಡೆಮೂಳೆಯ ಭಾಗವನ್ನು ಸಿಸ್ಟರ್ ಹಾಸ್‌ಗೆ ಓದಿ ಹೇಳಿದೆ, ಕುರ್ಚಿಯಿಂದ ಬಿದ್ದಳು.

ನಿನ್ನೆ ಈಸ್ಟರ್. ನಾಲ್ಕನೇ ಮಹಡಿಯ ಹಿಲ್ಕಾ ಎಂಬ ವಿಧವೆಯ ಬಾಗಿಲು ತಟ್ಟಿದೆವು. ಅವಳು ಕಾಫಿಯ ಪಾತ್ರೆಗೆ ಕೈ ಹಾಕುವ ಮೊದಲೇ, ನನ್ನ ಹರಕು ಭಾಷೆಯಲ್ಲಿ, "ಅಮ್ಮಾ, ಬಿಸಿಯಾಗಿ ಹಣ್ಣಿನ ರಸ ಏನಾದ್ರೂ ಇದ್ರೆ ಕೊಡ್ತೀರಾ? ತುಂಬಾ ಚಳಿ" ಎಂದು ಬಾಯಿಬಿಟ್ಟು ಕೇಳಿದೆ. ಮುದುಕಿ ನೆಲಮಾಳಿಗೆಗೆ ಇಳಿದು ತಾನೇ ಮಾಡಿಟ್ಟ ಕಪ್ಪು ಹಣ್ಣಿನ ರಸದ ಸೀಸೆ ತಂದು ಕಾಯಿಸಿ ಕೊಟ್ಟಳು. ಮೂರು ಗಂಟೆ ಕೂತೆವು. ಧರ್ಮದ ಮಾತು ಬಂದದ್ದು ಕೊನೆಯ ಹತ್ತು ನಿಮಿಷ. ಹೊರಡುವಾಗ, "ಮುಂದಿನ ಭಾನುವಾರ ಎಷ್ಟು ಗಂಟೆಗೆ ಬರ್ತೀರಿ?" ಎಂದಳು. ಬರುತ್ತೀರಾ ಎಂದಲ್ಲ, ಎಷ್ಟು ಗಂಟೆಗೆ!

ಅಧ್ಯಕ್ಷರಿಗೆ ಬರೆದ ಪತ್ರ ಹರಿದುಹಾಕಿದೆ. ನಿನ್ನ ಫಲಿತಾಂಶ ಬಂದ ಕೂಡಲೇ ಬರೆ. ಕೂಡಲೇ!

ಕೋರಲಿ


ಪ್ರೊವೊ
೭ ಮೇ ೧೯೮೪, ಸೋಮವಾರ

ಕೋರಲಿ!

ನಲವತ್ತು ಹೆಸರು. ನನ್ನದು ಮೂವತ್ತೆಂಟನೆಯದು. ಮೂವತ್ತೆಂಟು ಎಂದರೂ ಒಳಗೇ ತಾನೇ!

ಶುಕ್ರವಾರ ಬೆಳಿಗ್ಗೆ ನಾನಿನ್ನೂ ಗುಡಿಸುತ್ತಿರುವಾಗಲೇ ನಮ್ಮ ಕಟ್ಟಡದಲ್ಲಿ ನರ್ಸಿಂಗ್ ಪಟ್ಟಿ ಹಚ್ಚಿದರು. ನಾನು ಮೊದಲು ಕೆಳಗಿನಿಂದ ಓದಿದೆ, ನನ್ನ ಜಾಗ ನನಗೆ ಗೊತ್ತಲ್ಲ. ಎದೆ ಉರಿಯುತ್ತಿತ್ತು. ಉರಿಯಪ್ಪಾ ಉರಿ, ಎಷ್ಟು ಬೇಕಾದರೂ ಉರಿ, ನಾನು ಓದಿ ಮುಗಿಸುತ್ತೇನೆ ಎಂದುಕೊಂಡು ಓದಿದೆ. ಹೆಸರು ಕಂಡಾಗ ಎಂಥ ಕಿರುಚು ಕಿರುಚಿದೆ ಎಂದರೆ ಸಿಸ್ಟರ್ ಗ್ಲೀವ್ ಎರಡು ಮಹಡಿ ಇಳಿದು ಬಂದು, "ಯಾರು ಸತ್ರು?" ಎಂದರು. ಪಟ್ಟಿ ತೋರಿಸಿದೆ. ಕನ್ನಡಕ ಹಾಕಿ ಓದಿ, ನನ್ನ ಕೈಯ ಪೊರಕೆ ಕಿತ್ತುಕೊಂಡು ಮಿಕ್ಕ ನೆಲವನ್ನು ತಾವೇ ಗುಡಿಸಿದರು.

ಶನಿವಾರ ಥೇನ್ ಬಂದ. ಮರುದಿನ ಅರಿಜೋನಾಗೆ ಹೊರಡುವವನು. ಕೋಟಿನ ಗುಂಡಿ ಸರಿಯಾಗಿತ್ತು.

"ಪಟ್ಟಿ ನೋಡ್ದೆ. ಮೂವತ್ತೆಂಟು" ಎಂದ.

"ಹೂಂ."

"ನಾನು ತಪ್ಪು ಮಾಡ್ದೆ ಜನೀಲ್. ದೇವ್ರನ್ನ ಕೇಳ್ದೆ, ನಿನ್ನ ಕೇಳೋದೇ ಮರ್ತೆ. ಈಗ ಕೇಳ್ತಿದೀನಿ. ನನ್ನ ಮದ್ವೆ ಆಗ್ತೀಯಾ? ಇಲ್ಲ ಅಂದ್ರೂ ಇವತ್ತು ಮಾತಾಡ್ಕೊಂಡೇ ಹೋಗ್ತೀನಿ, ಮುಖ ತಿರುಗ್ಸಲ್ಲ."

ಎದೆಯನ್ನು ಗಮನಿಸಿದೆ. ಉರಿ ಇರಲಿಲ್ಲ. ಪರೀಕ್ಷೆಯೂ ಇರಲಿಲ್ಲ! ಅಲ್ಲಿ ತಣ್ಣಗೆ, ಸದ್ದಿಲ್ಲದೆ, ಅವನನ್ನು ಕಂಡ ಸಂತೋಷ ಒಂದೇ ಇತ್ತು.

"ಎರಡು ವರ್ಷ ಆದ್ಮೇಲೆ ಕೇಳು" ಎಂದೆ.

"ಎರಡು ವರ್ಷಾನಾ!"

"ಯಾಕೆ, ನೀನು ಗ್ವಾಟೆಮಾಲಾಕ್ಕೆ ಹೋಗುವಾಗ ಇಲ್ಲೊಬ್ಳಿಗೆ ಎರಡು ವರ್ಷ ಕಾಯಿ ಅಂತ ಹೇಳಿ ಹೋಗಿರ್ಲಿಲ್ವಾ? ನಮ್ಮಲ್ಲಿ ಹುಡ್ಗೀರೆಲ್ಲ ಕಾಯೋದೇ ಅಲ್ವಾ?"

"ಅವ್ಳು ಹದ್ನಾಲ್ಕು ತಿಂಗ್ಳಿಗೇ ಇನ್ನೊಬ್ಬನ್ನ ಮಾಡ್ಕೊಂಡ್ಳು."

"ಹಂಗಾದ್ರೆ ನೀನು ಹದಿನೈದು ಕಾದು ತೋರ್ಸು. ಆಮೇಲೆ ಮಿಕ್ಕಿದ್ದು ನೋಡೋಣ."

ಅವನು ನನ್ನನ್ನೇ ನೋಡಿದ. ಆಮೇಲೆ ಆ ಮಹಾರಾಯ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆಯವರೆಗೆ ಪಾರ್ಕಿನ ಹುಲ್ಲಿನ ಮೇಲೆ ಕೂತು ಮಾತಾಡಿದೆವು. ವಾರಕ್ಕೊಂದು ಕಾಗದ ಬರೆಯಬೇಕು ಎಂಬುದು ನಾನು ಹಾಕಿದ ಷರತ್ತು. ಬರೆದರೆ ಸರಿ, ಬರೆಯದಿದ್ದರೆ ಅದೂ ಒಂದು ಉತ್ತರವೇ. ಅಳುಕಿಲ್ಲ ಎನ್ನಲಾರೆ. ಆದರೆ ನರ್ಸಿಂಗ್ ಶುರುವಾಗುವ ಸೆಪ್ಟೆಂಬರಿನಲ್ಲಿ ನಾನು ಎಲ್ಲಿರುತ್ತೇನೆ ಎಂಬುದು ಅವನ ಕಾಗದದ ಮೇಲೆ ನಿಂತಿಲ್ಲ.

ಇವತ್ತು ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿದೆ. ಹೇಳಿದ ಮೇಲೆ ಆ ಕಡೆ ಡ್ರಾಯರು ಎಳೆದು ಏನೋ ಹುಡುಕುವ ಸದ್ದು. ಹಲೋ ಹಲೋ ಎಂದೆ.

"ಇದೀನಿ. ಪಟ್ಟೀಲಿ ನಿನ್ನ ಹೆಸ್ರು ಹೆಂಗೆ ಬರ್ದಿದಾರೆ? ಒಂದೊಂದೇ ಅಕ್ಷರ ಹೇಳು" ಎಂದಳು.

ಹೇಳಿದೆ. ಅವಳು ಬರೆದುಕೊಳ್ಳುತ್ತಿದ್ದಳು, ಪೆನ್ಸಿಲಿನ ಸದ್ದು ಕೇಳುತ್ತಿತ್ತು. ಮನೆತನದ ಹೆಸರನ್ನು ಎರಡು ಸಲ ಹೇಳಿಸಿದಳು, ತನಗೇ ಗೊತ್ತಿಲ್ಲದ ಹಾಗೆ.

"ಅಮ್ಮಾ, ನನಗೆ ಭಯ ಆಗ್ತಿದೆ. ಕೊನೇ ಮೂವರಲ್ಲಿ ಒಬ್ಳು ನಾನು. ನಡುವೆ ಏನಾದ್ರೂ ಆಗಿ ವಾಪಸ್ ಬರೋ ಹಾಗಾದ್ರೆ..."

"ಎಲ್ಲಿಗೆ ಬರ್ತೀಯ?" ಎಂದಳು ಅಮ್ಮ. "ನಿನ್ನ ಮಂಚ ಈಗಷ್ಟೇ ನಿನ್ನ ತಂಗಿಗೆ ಕೊಟ್ಟೆ. ಇಲ್ಲಿ ಇನ್ನು ನಿಂಗೆ ಮಲಗೋಕೆ ಜಾಗ ಇಲ್ಲ, ಓದ್ಕೋ ಹೋಗು."

ನಿನ್ನ
ಜನೀಲ್